ಬಟನ್ ಟೈರು ಮತ್ತು ಅಕ್ಕನ ಕುರಿಗಳು

ಹೊಸ ಟೈರಿನ ವಾಸನೆ ನನಗೆ ಇಷ್ಟ. ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಇಷ್ಟವೇನಲ್ಲ, ಬಿಡಿ. ಮಲ್ಲಿಗೆ ಎಂದರೆ ಜನ ತಲೆದೂಗುತ್ತಾರೆ, ಟೈರು ಎಂದರೆ ಹೆಂಡತಿಯೇ ನಗುತ್ತಾಳೆ. ಮೊನ್ನೆ ಚಿತ್ರದುರ್ಗದಲ್ಲಿ ಟೈರ್ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು. ನನಗೆ ನೆನಪಾದದ್ದು ಕುರಿಗಳು. ನೀವು ನಗುವ ಮೊದಲು ಕಾರಣ ಕೇಳಿ.

ನನ್ನ ಅಕ್ಕನನ್ನು ತಾಳ್ಯದ ಕಡೆ ಕುರಿ ಸಾಕುವ ಮನೆಗೆ ಕೊಟ್ಟಿದೆ. ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ ಹೊಲದಿಂದ ಹೊಲಕ್ಕೆ ನಡೆಯುವುದೇ ಅಕ್ಕನ ಬದುಕಾಗಿತ್ತು. ಭಾವ ಮಂದೆಯ ಮುಂದೆ, ಅಕ್ಕ ಹಿಂದೆ, ಆಗಷ್ಟೇ ಹುಟ್ಟಿದ ಮರಿಗಳು ಅವಳ ಕಂಕುಳಲ್ಲಿ. ಕೆಲವು ವರ್ಷಗಳ ಹಿಂದೆ ಅವಳ ಮಂಡಿ ಕೈಕೊಟ್ಟಿತು. ಕುರಿ ಮಾರಿಬಿಡೋಣ ಎಂದರು ಭಾವ. ಚಿಕ್ಕಜಾಜೂರಿನ ವ್ಯಾಪಾರಿಯೊಬ್ಬ ಬಂದು ಮಂದೆ ನೋಡಿಕೊಂಡೂ ಹೋದ. ಅಂದಿನಿಂದ ಅಕ್ಕ ಮಾತು ಬಿಟ್ಟಳು. ನಮ್ಮಕ್ಕನ ಮಟ್ಟಿಗೆ ಅದು ಊಟ ಬಿಟ್ಟದ್ದಕ್ಕಿಂತ ದೊಡ್ಡ ಸಂಗತಿ.

ನನ್ನದೊಂದು ಪಿಕಪ್ ಗಾಡಿ, ಈರುಳ್ಳಿ, ಮೆಕ್ಕೆಜೋಳ ಸಾಗಿಸುವ ಬಾಡಿಗೆ ಕೆಲಸ. ಹೋಗಿ ಹೇಳಿದೆ: "ಮಂದೆ ಎಲ್ಲಿ ನಿಂತ್ರೂ ನನ್ನ ಗಾಡಿ ಬರ್ತೈತೆ ಕಣಕ್ಕ. ಗಬ್ಬದ ಕುರಿ, ಮರಿ, ನೀನು, ಎಲ್ಲ ಗಾಡ್ಯಾಗೆ. ಉಳಿದವನ್ನ ಭಾವ ಹೊಡ್ಕಂಡು ಬರ್ಲಿ."

"ನಿನ್ನ ಗಾಡಿ ತಾರ್ ರೋಡಿನ ಮದುಮಗ ಕಣಲೇ," ಎಂದಳು. "ಮೊದ್ಲು ಆ ಕಲ್ಲು ಹಾದ್ಯಾಗೆ ಬರ್ಲಿ, ಆಮೇಲೆ ಮಾತಾಡಾಣ."

ಮಾತಂತೂ ಶುರುವಾಯಿತಲ್ಲ! ಮರುದಿನವೇ ದುರ್ಗಕ್ಕೆ ಬಂದು ಟೈರ್ ಅಂಗಡಿಯ ಸಾಬರ ಮುಂದೆ ಕುಳಿತೆ. ಮೈತುಂಬ ದಪ್ಪ ಗಂಟುಗಳಿರುವ, ನಾವು ಬಟನ್ ಟೈರ್ ಎನ್ನುವ ಟೈರುಗಳಲ್ಲಿ ಅತಿ ಒರಟಾದದ್ದನ್ನು ತೋರಿಸಿ ಅದೇ ಬೇಕೆಂದೆ. ನೋಡಲು ಗಂಭೀರವಾಗಿತ್ತು, ಅಷ್ಟೇ ನನ್ನ ಪರೀಕ್ಷೆ.

"ಅದು ಬ್ಯಾಡ್ರಿ," ಎಂದರು ಸಾಬರು. "ಎರೆಮಣ್ಣು ಕಚ್ಕಂಡ್ರೆ ಬಿಡಲ್ಲ. ತೀರ ನುಣ್ಣಗಿದ್ರೆ ಕಲ್ಲಿನ ಮ್ಯಾಲೆ ಜಾರ್ತೈತೆ. ಬಟನ್‌ನಾಗೇ ನಡುವಿಂದು ಹಾಕ್ಕಳ್ರಿ."

ನಡುವಿನದನ್ನೇ ಹಾಕಿಸಿ, ಮರಳು ಮೂಟೆ ಹೇರಿ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಕಲ್ಲು ಹತ್ತಿತು, ಜಾಲಿಮುಳ್ಳು ತುಳಿಯಿತು, ಹಳ್ಳದ ಕೆಸರಿನಿಂದ ಎದ್ದು ಬಂತು. ಭಾವ ದಾರಿಯುದ್ದಕ್ಕೂ ಕಿಟಕಿ ಹಿಡಿದೇ ಕುಳಿತಿದ್ದರೂ ಇಳಿದಾಗ "ಪರ್ವಾಗಿಲ್ಲ" ಎಂದರು. ನಾನು ಮೀಸೆ ತಿರುವಿಕೊಂಡು ಅಕ್ಕನ ಮುಂದೆ ನಿಂತೆ.

"ಮರಳಿಗೇನು ಜೀವ ಐತೇನಪ್ಪ? ಕುರಿ ಹಾಕು," ಎಂದಳು.

ಬೆಳಿಗ್ಗೆ ಗಬ್ಬದ ಕುರಿಗಳನ್ನು ಹತ್ತಿಸಿದೆವು. ಅಕ್ಕ ಮುಂದೆ ಕೂರಲು ಒಪ್ಪದೆ ಅವುಗಳ ಜೊತೆ ಹಿಂದೆಯೇ ಕುಳಿತಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿಯ ತಗಡು ಬಡಿದಳು. ಇಳಿದು ನೋಡಿದೆ. ಕುರಿಗಳು ಕಾಲಗಲಿಸಿ ಬಿಗಿಯಾಗಿ ನಿಂತಿದ್ದವು.

"ಬಾಯಿ ನೋಡವುಗಳ್ದು. ಮೆಲುಕು ನಿಲ್ಸಿದಾವೆ. ಹಿಂಗೆ ಕುಲುಕಿದ್ರೆ ಹೊಟ್ಟ್ಯಾಗಿನ ಮರಿ ಉಳಿತಾವೇನು?"

ಮೂಟೆಗಳ ಭಾರಕ್ಕೆಂದು ತುಂಬಿಸಿದ್ದ ಗಾಳಿ ಹಾಗೇ ಇತ್ತು. ಕಲ್ಲಾಗಿದ್ದ ಟೈರುಗಳು ದಾರಿಯ ಪೆಟ್ಟನ್ನೆಲ್ಲ ಕುರಿಗಳಿಗೇ ದಾಟಿಸುತ್ತಿದ್ದವು. ನಾಲ್ಕೂ ಚಕ್ರದ ಗಾಳಿ ಇಳಿಸಿ ಮೆಲ್ಲಗೆ ಹೊರಟೆ. ಹಿಂದಿನಿಂದ ಸದ್ದಿಲ್ಲ. "ಅಕ್ಕಾ, ಹೆಂಗೈತೆ?" ಎಂದು ಕೂಗಿದರೆ ಉತ್ತರವೂ ಇಲ್ಲ. ಅಕ್ಕ ಬೇಡವೆಂದರೆ ನಾಳೆಯೇ ವ್ಯಾಪಾರಿ ಬರುತ್ತಾನೆ. ಆ ದಾರಿಯಲ್ಲಿ ನಾನು ಹೆದರಿದಷ್ಟು ಯಾವ ಘಾಟಿಯಲ್ಲೂ ಹೆದರಿಲ್ಲ.

ಮಂದೆ ನಿಲ್ಲಬೇಕಿದ್ದ ಹೊಲ ಸೇರಿ, ಇಳಿದು ಹಿಂದಕ್ಕೆ ಓಡಿದೆ. ಕುರಿಗಳು ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದವು. ನಡುವೆ ಕುಳಿತ ಅಕ್ಕನ ಬಾಯಿ ತುಂಬ ಎಲೆಅಡಿಕೆ, ಉತ್ತರ ಎಲ್ಲಿಂದ ಬರಬೇಕು! ಉಗಿದು ಬಂದು ಹೇಳಿದಳು: "ಆ ವ್ಯಾಪಾರಿಗೆ ಬರಬ್ಯಾಡ ಅನ್ನು."

ಟೈರು ನೋಡುವವನಂತೆ ಚಕ್ರದ ಮರೆಗೆ ಕುಳಿತೆ. ಕಣ್ಣಲ್ಲಿ ನೀರು ಬಂದಿತ್ತು, ಅಷ್ಟು ಸಂತೋಷವಾಗಿತ್ತು.

ಆಮೇಲೆ ಅಕ್ಕ ವರ್ಷಗಟ್ಟಲೆ ಮಂದೆಯ ಜೊತೆ ಇದ್ದಳು. ಈ ವರ್ಷ ತಾನಾಗಿಯೇ ಸಾಕೆಂದು ಕುರಿಗಳನ್ನು ಮೈದುನನ ಮಂದೆಗೆ ಸೇರಿಸಿದಳು. ಮೊನ್ನೆ ಸವೆದ ಟೈರುಗಳನ್ನು ನೋಡಿ ಸಾಬರು ಅಂದರು: "ಈಗ ಕುರಿ ಸಾಗ್ಸೋದಿಲ್ವಲ್ಲ. ಈರುಳ್ಳಿಗೆ ರೋಡಿನ ಟೈರೇ ಸಾಕ್ರಿ."

ಮಾತು ಸರಿಯಾಗಿಯೇ ಇತ್ತು, ನಾನೂ ತಲೆಯಾಡಿಸಿದ್ದೆ. ಆದರೆ ಅಕ್ಕನ ಮನೆಗೆ ಹೋದಾಗಲೆಲ್ಲ ಅವಳು ತಲೆ ಬಾಚಿಕೊಂಡು ಜಗುಲಿಯ ಮೇಲೆ ಕುಳಿತಿರುತ್ತಾಳೆ. ಕರೆದುಕೊಂಡು ಹೋಗು ಎಂದು ಒಮ್ಮೆಯೂ ಕೇಳಿಲ್ಲ. "ಮಂದೆ ಇವತ್ತು ಕೆರೆ ಹಿಂದ್ಲ ಹೊಲದಾಗೆ ಐತಂತೆ," ಎನ್ನುತ್ತಾಳೆ, ಅಷ್ಟೇ. ಹೇಳಿ ಗಾಡಿಯ ಕಡೆ ನೋಡುತ್ತಾಳೆ.

"ಬಟನ್ ಟೈರೇ ಹಾಕ್ರಿ ಸಾಬ್ರೇ," ಎಂದೆ. "ಕುರಿ ಇಲ್ದಿದ್ರೇನು, ಅಕ್ಕ ಇದಾಳಲ್ಲ."