ಕುಣಿಮಗ್ಗ ಮತ್ತು ದಾಳಿಂಬೆ ಸಿಪ್ಪೆ

ಬೇಸಿಗೆ ರಜೆಗೆ ರೋಣದಿಂದ ಗಜೇಂದ್ರಗಡದ ಸೋದರತ್ತೆಯ ಮನೆಗೆ ಹೋದರೆ ಎರಡೇ ದಿನದಲ್ಲಿ ನನ್ನ ಹೊಟ್ಟೆ ಕೆಡುತ್ತಿತ್ತು. ಮಾವಿನಕಾಯಿ, ಬಸ್ ನಿಲ್ದಾಣದ ಐಸ್‌ಕ್ಯಾಂಡಿ, ಯಾವುದನ್ನೂ ನಾನು ಬಿಡುತ್ತಿರಲಿಲ್ಲ. ಅತ್ತೆ ಬೈಯುತ್ತಿರಲಿಲ್ಲ. ಬಿಸಿಲಲ್ಲಿ ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯನ್ನು ಕುದಿಸಿ, ಸೋಸಿ, ಸಣ್ಣ ಸ್ಟೀಲ್ ಲೋಟದಲ್ಲಿ ತಂದು ಎದುರಿಗೆ ನಿಲ್ಲುತ್ತಿದ್ದಳು. ನಾಲಿಗೆ ಬಿಗಿಯುವಷ್ಟು ಒಗರು. ಕುಡಿದ ಮೇಲೆ ಬೆಲ್ಲದ ಚೂರು. ಆಮೇಲೆ ಅವಳು ಕುಣಿಮಗ್ಗಕ್ಕೆ ಇಳಿಯುವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯುವ ಮಗ್ಗ ಅದು. ನಾನು ಪಕ್ಕದ ಚಾಪೆಯ ಮೇಲೆ ಮುದುರಿಕೊಂಡು, ಲಾಳಿಯ ಸದ್ದು ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಅಂಥ ನಿದ್ದೆ ಮತ್ತೆ ಬಂದಿಲ್ಲ.

ಮುಂದೆ ಔಷಧ ವಿಜ್ಞಾನ ಓದಲು ಧಾರವಾಡಕ್ಕೆ ಹೋದೆ. ಕರುಳಿನ ಉರಿಯೂತಕ್ಕೆ ಗಿಡಮೂಲಿಕೆಗಳ ಸಾರ ಉಪಯೋಗಕ್ಕೆ ಬಂದೀತೇ ಎಂದು ಪರೀಕ್ಷಿಸುವ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ದಾಳಿಂಬೆ ಸಿಪ್ಪೆ. ಪುಡಿ ಮಾಡಿ, ಆಲ್ಕೋಹಾಲ್‌ನಲ್ಲಿ ನೆನೆಹಾಕಿ, ಸೋಸಿ ಆರಿಸಿದರೆ ಪಾತ್ರೆಯ ತಳದಲ್ಲಿ ಅಂಟಾದ ಕಂದು ಸಾರ ಉಳಿಯುತ್ತಿತ್ತು. ವಾಸನೆ ಮಾತ್ರ ಅತ್ತೆಯ ಅಡುಗೆಮನೆಯದು. ಮುಚ್ಚಳ ಹಾಕುವ ಮೊದಲು, ಯಾರೂ ನೋಡದಾಗ, ಒಮ್ಮೆ ಮೂಸುತ್ತಿದ್ದೆ. ಸಾರ ಕೊಟ್ಟ ಕೆಲವು ಇಲಿಗಳಲ್ಲಿ ಊತ ತಗ್ಗಿದಂತೆ ಕಂಡಾಗ ಫೋನಿನಲ್ಲಿ ಅತ್ತೆಗಷ್ಟೇ ಹೇಳಿದೆ.

ಕೆಲವು ತಿಂಗಳ ನಂತರ ಅವಳಿಗೇ ಆ ರೋಗ ಬಂತು. ಹೊಟ್ಟೆ ನುಲಿತ, ಮಲದಲ್ಲಿ ರಕ್ತ. ದೊಡ್ಡ ಕರುಳಿನಲ್ಲಿ ಹುಣ್ಣಾಗಿದೆ, ಗುಳಿಗೆ ಬಹಳ ದಿನ ಬೇಕು ಎಂದರು ಡಾಕ್ಟರು. ಕುಣಿಯಿಂದ ಏಳುವುದು ಕುರ್ಚಿಯಿಂದ ಎದ್ದಂತಲ್ಲ. ಕೈಯೂರಿ, ಕಾಲು ಮೇಲೆಳೆದುಕೊಂಡು, ಹಿತ್ತಲ ಪಾಯಖಾನೆಗೆ ಓಡಬೇಕು, ದಿನಕ್ಕೆ ಹತ್ತಾರು ಸಲ.

"ಏನವಾ, ಸೀರಿ ನೇಯಾಕತ್ತೀಯೋ, ಉಠಾಬಸಿ ತಗಿಯಾಕತ್ತೀಯೋ?" ಎಂದು ಎದುರುಮನೆಯವಳು ಚೇಷ್ಟೆ ಮಾಡಿದರೆ ಅತ್ತೆಯೂ ನಗುತ್ತಿದ್ದಳು. ಆದರೆ ಅವಳ ಗಂಡ, ನಮ್ಮ ಮಾಮಾ, "ಈ ಕುಣಿ ಮುಚ್ಚಿ ಫರಸಿಕಲ್ಲು ಹಾಕಸೂಣು" ಎಂದ ದಿನ ನಗು ನಿಂತಿತು. ಮದುವೆಯಾಗಿ ಬಂದಂದಿನಿಂದ ಅವಳು ಕೂತ ಜಾಗ ಅದು.

ಗುಳಿಗೆಯ ಜೊತೆಗೇ ಅವಳು ಸಿಪ್ಪೆಯ ಕಷಾಯವನ್ನೂ ಶುರು ಮಾಡಿದ್ದಳು. ರಕ್ತ ನಿಂತಿತು. ಹೆಸರು ಸಿಪ್ಪೆಗೆ ಬಂತು, ಗುಳಿಗೆಗಳನ್ನು ಬಿಟ್ಟಳು. ಇದು ನನಗೆ ತಿಳಿದದ್ದು ರೋಗ ಮರಳಿದ ಮೇಲೆ, ಅವಳನ್ನು ನೋಡಲು ಹೋದಾಗ. ಬಾಗಿಲ ಮುಂದೆ, ಕುಣಿ ತುಂಬಲು ತಂದ ಗರಸುಮಣ್ಣಿನ ಗುಡ್ಡೆ ಬಿದ್ದಿತ್ತು. ಮಾಮಾ ಬುಟ್ಟಿ ಹಿಡಿದು ನಿಂತಿದ್ದರು. ಅತ್ತೆ ಕುಣಿಯಲ್ಲಿ ಕೂತಿದ್ದಳು, ನೇಯದೆ.

"ಏಳ, ಗರಸ ಹಾಕಬೇಕು."

"ನನ್ನ ಮ್ಯಾಲ ಹಾಕ್ರಿ."

ಅಷ್ಟರಲ್ಲಿ ಅವಳ ಮುಖ ಬಿಳಿಚಿತು. ಹೊಟ್ಟೆ ಹಿಡಿದು ಎದ್ದವಳೇ ನನ್ನ ರಟ್ಟೆ ಜಗ್ಗಿದಳು. "ನೀ ಕುಂಡ್ರು ಇಲ್ಲಿ. ನಾ ಬರೂತನಕ ಏಳಬ್ಯಾಡ."

ಚಪ್ಪಲಿ ಬಿಟ್ಟು ಇಳಿದೆ. ಕುಣಿಯೊಳಗೆ ತಂಪಿತ್ತು. ಚಿಕ್ಕವಳಿದ್ದಾಗ ಎಷ್ಟು ಚಾಚಿದರೂ ಎಟುಕದ, ಕಾಲಿನಿಂದ ತುಳಿಯುವ ಹಲಗೆ ಈಗ ಅಂಗಾಲಿಗೆ ಸರಿಯಾಗಿ ಸಿಕ್ಕಿತು. ಅವಳ ಹೆಬ್ಬೆರಳು ಸವೆಸಿದ ತಗ್ಗಿನಲ್ಲಿ ನನ್ನ ಹೆಬ್ಬೆರಳು ಕೂತಿತು.

"ಕಲತಾಕಿ, ನೀನರ ಹೇಳವಾ," ಎಂದರು ಮಾಮಾ. "ಇದರಾಗ ಕುಂತು ಕುಂತ ಜೀವಾ ಕಳಕೋತಾಳಕಿ."

"ಮಗ್ಗದಿಂದ ಬಂದದ್ದಲ್ರಿ ಮಾಮಾ. ಗುಳಿಗಿ ಬಿಟ್ಟಾಳ, ಅದಕ್ಕ ಮತ್ತ ಬಂದೈತಿ. ನಾಳೆ ದವಾಖಾನಿಗೆ ಕರಕೊಂಡ ಹೋಗತೀನಿ. ಅಲ್ಲೀತನಕ ತಡೀರಿ."

ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಹಂಗಾರ ನನ್ನ ಸಿಪ್ಪಿ ಸುಳ್ಳೇನ? ಇಲಿಗೆ ಊತ ಇಳೀತು ಅಂತ ನೀನ ಅಂದಿದ್ದಿ."

"ಇಲಿಗೆ, ಅತ್ತಿ. ಅದೂ ಎಲ್ಲಾ ಇಲಿಗೂ ಅಲ್ಲ. ಮನಶ್ಯಾರಿಗೆ ಎಷ್ಟು ಕೊಡಬೇಕು, ಕೊಟ್ರ ಏನಾಗತೈತಿ, ನಮಗಿನ್ನೂ ಗೊತ್ತಿಲ್ಲ."

"ಇಲಿಗಿಂತ ಕಡಿಮಿ ಏನ ನಾ?"

"ಆ ಇಲಿಗೆ ಸೀರಿ ನೇಯೂದಿರಲಿಲ್ಲ."

ಮಾಮಾ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗಂಡನನ್ನು ಕೇಳಿದಳು: "ಗುಳಿಗಿ ನುಂಗಿದ್ರ ಕುಣಿ ಮುಚ್ಚೂದಿಲ್ಲೇನ್ರಿ?"

ಅವರು ಬುಟ್ಟಿಯನ್ನು ಗರಸಿನ ಮೇಲೆ ಬೋರಲು ಹಾಕಿದರು. "ದೀಪಾವಳಿತನಕ ನೋಡೂಣು."

ಮರುದಿನ ಡಾಕ್ಟರು ಕಷಾಯದ ಬಗ್ಗೆ ಕೇಳುವ ಮೊದಲೇ ಅವಳು ಹೇಳಿದಳು. ಬೈಗುಳ ನಿರೀಕ್ಷಿಸಿ ಸೆಟೆದು ಕೂತಿದ್ದಳು. ಅವರು ಬೈಯಲಿಲ್ಲ, ಹುಣ್ಣು ಮಾಯುವವರೆಗೆ ಬೇಡ ಎಂದರಷ್ಟೆ. ಅವತ್ತಿನಿಂದ ಆ ಮನೆಯಲ್ಲಿ ಸಿಪ್ಪೆ ಕುದಿಯುವುದಿಲ್ಲ. ಡಾಕ್ಟರು ಹಾಗೆ ಹೇಳಿದ್ದು ಸರಿ ಎಂದು ನನಗೆ ಗೊತ್ತು. ಆದರೂ ಅಡುಗೆಮನೆಗೆ ಕಾಲಿಟ್ಟಾಗ ಏನೋ ಬರಿದಾದಂತೆ ಅನಿಸುತ್ತದೆ.

ದೀಪಾವಳಿಗೆ ಹೋದಾಗ ಮಗ್ಗಕ್ಕೆ ಹೊಸ ಹಾಸು ಏರಿಸುತ್ತಿದ್ದರು. ಹಾಸಿನ ಉದ್ದನೆಯ ಎಳೆಗಳ ಒಂದು ತುದಿ ಮಾಮಾ ಕೈಯಲ್ಲಿತ್ತು. ಅತ್ತೆ ನಡುವೆ ಒಮ್ಮೆ ಎದ್ದು ಹೋಗಿ ಬಂದಳು, ಓಡದೆ.

"ಈ ಹಾಸು ಮುಗಿಯಾಕ ಸಂಕ್ರಮಣ ಆಗತೈತಿ," ಎಂದಳು, ನನ್ನ ಕಡೆ ನೋಡುತ್ತ, ಗಂಡನಿಗೆ ಕೇಳುವಂತೆ.

"ಆಗಲಿ," ಎಂದು ಅವರು ಎಳೆಗಳನ್ನು ಬಿಗಿಯಾಗಿ ಹಿಡಿದರು.