ಪೊಟ್ಟಣದಮ್ಮ

ನಮ್ಮ ಬೀದಿಯ ಬೈಕ್ ಷೋರೂಮಿನ ಒಡತಿಯನ್ನು ಎಲ್ಲರೂ ಪೊಟ್ಟಣದಮ್ಮ ಎಂದೇ ಕರೆಯುವುದು. ಸರ್ವಿಸಿಗೆ ಬಿಟ್ಟ ಗಾಡಿಯಿಂದ ಬಿಚ್ಚಿದ ಹಳೆಯ ಸಾಮಾನನ್ನೆಲ್ಲ, ಸವೆದ ವಾಷರನ್ನೂ ಬಿಡದೆ, ಪೇಪರಿನಲ್ಲಿ ಕಟ್ಟಿ ಬಿಲ್ಲಿನ ಜೊತೆ ಕೈಗಿಡದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. "ಅಮ್ಮಾ, ಈ ಗುಜರಿ ನಂಗ್ಯಾಕೆ?" ಎಂದು ಗೊಣಗಿದರೆ, "ಬೇಡಾಂದ್ರೆ ಎಸೀರಿ. ಆದ್ರೆ ನೋಡಿ ಎಸೀರಿ," ಎಂದು ಗದರುತ್ತಾರೆ. ಎದುರಿಗೇ ಇನ್ನೊಂದು ಷೋರೂಮು ಎದ್ದು, ಬಲೂನು ಕಟ್ಟಿ, 'ಐದು ಸರ್ವಿಸ್ ಉಚಿತ' ಎಂದು ಬೋರ್ಡು ಹಾಕಿದಾಗ ಅರ್ಧ ಬೀದಿ ಅತ್ತ ಓಡಿತು. ಇವರು ಮಾತ್ರ ಕದಲಲಿಲ್ಲ. "ಉಚಿತ ಅಂದ್ರೆ ಕೂಲಿ ಕಣ್ರೀ, ಸಾಮಾನಲ್ಲ. ಬಿಲ್ ಬರ್ಲಿ, ಗೊತ್ತಾಗತ್ತೆ." ಬಿಲ್ಲು ಬಂತು, ಮಾರುದ್ದ. ಓಡಿದವರೆಲ್ಲ ಆ ಕೌಂಟರಿನಲ್ಲಿ ನಿಂತು, ಹಳೇ ಅಭ್ಯಾಸದಿಂದ, "ನಮ್ಮ ಪೊಟ್ಟಣ ಎಲ್ರೀ?" ಎಂದು ಕೇಳತೊಡಗಿದರು. ಪೊಟ್ಟಣವಿರಲಿಲ್ಲ, ಕೇಳುವವರು ದಿನೇದಿನೇ ಹೆಚ್ಚಿದರು. ಕೊನೆಗೆ ನಿನ್ನೆ ಆ ಬಲೂನುಗಳ ಕೆಳಗೆ ಹೊಸ ಬೋರ್ಡು ಬಂತು: 'ಬಿಚ್ಚಿದ ಹಳೆಯ ಭಾಗಗಳನ್ನು ಗ್ರಾಹಕರಿಗೇ ಕೊಡಲಾಗುವುದು.' ಇವರ ಷೋರೂಮಿಗೆ ಓಡಿಬಂದು ನಾವೆಲ್ಲ ಕುಣಿದಾಡಿಬಿಟ್ಟೆವು. ಪೊಟ್ಟಣದಮ್ಮ ಡ್ರಾಯರಿನಿಂದ ಸವೆದು ಬೋಳಾದ ಒಂದು ಬ್ರೇಕ್ ಶೂ ತೆಗೆದು ಮೇಜಿನ ಮೇಲಿಟ್ಟರು. ಬಹಳ ಹಿಂದೆ ಅವರ ಗಂಡನ ಗಾಡಿಗೆ ಬೇರೆ ಯಾರೋ ಕೊಟ್ಟ ಸರ್ವಿಸ್ ಬಿಲ್ಲಿನಲ್ಲಿ 'ಹೊಸದು ಹಾಕಿದೆ' ಎಂದಿತ್ತಂತೆ. ಬ್ರೇಕ್ ಹಿಡಿಯದೆ ಗಂಡ ತೀರಿಹೋದ ಮೇಲೆ ಅವರ ಗಾಡಿಯಿಂದ ಬಿಚ್ಚಿದಾಗ ಸಿಕ್ಕಿದ್ದು ಇದೇ ಹಳೆಯದು. ಅದನ್ನು ಸೆರಗಿನಿಂದ ಒರೆಸಿ, ಎದೆಯುಬ್ಬಿಸಿ ಅದಕ್ಕೇ ಹೇಳಿದರು: "ರೀ, ಇನ್ಮೇಲೆ ಎದುರಿನವ್ರೂ ಪೊಟ್ಟಣ ಕಟ್ತಾರಂತೆ!"