ಕತ್ತರಿಸಿ ಬಿಟ್ಟ ಉತ್ತರ

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಕುಂದಾಪುರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟೆ. ಓದಿದ್ದು ಹೈಸ್ಕೂಲು, ಗೊತ್ತಿದ್ದದ್ದು ರೇಡಿಯೋ ರಿಪೇರಿ. ತಾಳಮದ್ದಳೆಯ ಒಂದು ಪ್ರಸಂಗಕ್ಕೆ ಮೂರು ಕ್ಯಾಸೆಟ್ಟು ಬೇಕಾಗುತ್ತಿತ್ತು. ಜನ ಮೂರನ್ನೂ ಕೊಂಡು ಮೂರನ್ನೂ ಕೇಳುತ್ತಿದ್ದರು. ಆಮೇಲೆ ಸೀಡಿ ಬಂತು, ಕಂಪ್ಯೂಟರ್ ಬಂತು. ಕೊನೆಗೆ ಗಿರಾಕಿಗಳು ಮೊಬೈಲಿನಿಂದ ಉಗುರಿನಷ್ಟು ದೊಡ್ಡ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಇದರಲ್ಲಿ ಏನಾದರೂ ತುಂಬಿಸಿ ಕೊಡಿ ಎನ್ನತೊಡಗಿದರು. ಹೆಚ್ಚಿನವರು ಬೋಟಿಗೆ ಹೋಗುವವರು. ಉದ್ದದ್ದು ಅವರಿಗೆ ಬೇಡ, ಮೂರು ನಿಮಿಷದಲ್ಲಿ ನಗು ಬರಬೇಕು ಇಲ್ಲವೇ ರೋಷ ಬರಬೇಕು. ನಾನು ಕತ್ತರಿಸುವುದನ್ನು ಕಲಿತೆ.

ನಾವುಂದದಲ್ಲಿ ಟೈಲರ್ ಆಗಿದ್ದ ಒಬ್ಬ ನನ್ನ ಹೈಸ್ಕೂಲಿನ ಜೊತೆಗಾರ. ಅವನ ಮಿಶನ್ನಿಗೆ ಬರುತ್ತಿದ್ದ ಬಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ಮಾರುವ ಹೆಂಗಸರ ರವಿಕೆ. ಅಳತೆ ಬರೆದಿಟ್ಟುಕೊಳ್ಳದೆ ಹೊಲಿಯುವಷ್ಟು ಅವರ ಪರಿಚಯ ಅವನಿಗಿತ್ತು. ಭಾನುವಾರ ಮಾತ್ರ ಅವನು ಶಾಲು ಹೊದ್ದು ತಾಳಮದ್ದಳೆಗೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ಹೋಗುತ್ತಿದ್ದ. ತಾಳಮದ್ದಳೆಯಲ್ಲಿ ವೇಷವಿಲ್ಲ, ಬಣ್ಣವಿಲ್ಲ. ಅಂಗಿ ತೊಟ್ಟು ಕುಳಿತವರೇ ರಾಜ, ಮಂತ್ರಿ. ಒಬ್ಬರು ವಾದ ಹೂಡಬೇಕು, ಎದುರಿನವರು ಆ ಕ್ಷಣಕ್ಕೆ ಹೊಳೆದ ಮಾತಿನಿಂದ ಅದನ್ನು ಮುರಿಯಬೇಕು.

ಒಂದು ಭಾನುವಾರ ಮಧ್ಯಾಹ್ನ ತಲ್ಲೂರಿನಲ್ಲಿ ಕೂಟವಿತ್ತು. ಮೀನುಗಾರರ ಮಗಳನ್ನು ರಾಜ ಮದುವೆಯಾಗಲು ಹೊರಡುವ ಪ್ರಸಂಗ. ಅದಕ್ಕೆ ಅಡ್ಡ ಬರುವ ಮಂತ್ರಿಯ ಪಾತ್ರ ನನ್ನ ಗೆಳೆಯನದು. ಹುಡುಗಿಯ ತಂದೆಯ ಪಾತ್ರ ಸಾಸ್ತಾನದ ಒಬ್ಬ ಹಿರಿಯರದು. ಶುರುವಾಗುವ ಮೊದಲು ಚಾ ಕುಡಿಯುತ್ತಾ ಗೆಳೆಯ ಅವರಿಗೆ, ನಾನು ಎಷ್ಟು ಕೀಳಾಗಿ ಆಡುತ್ತೇನೋ ನೀವು ಅಷ್ಟು ಎತ್ತರಕ್ಕೆ ಏರಬೇಕು, ಇಲ್ಲದಿದ್ದರೆ ನನ್ನ ಮಾತು ಬರಿಯ ಬೈಗುಳ ಎಂದದ್ದನ್ನು ನಾನೇ ಕೇಳಿದ್ದೆ. ಹಾಗೆಯೇ ಆಯಿತು. ಇವನು ಮೀನಿನ ವಾಸನೆಯ ಕುಲವೆಂದ, ಅರಮನೆಯ ಹೊಸ್ತಿಲು ತೊಳೆಯಬೇಕಾದೀತು ಎಂದ. ಹಿರಿಯರು ಅರ್ಧ ಗಂಟೆ ಉತ್ತರ ಹೇಳಿದರು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಇಷ್ಟನ್ನೂ ನಾನು ಸಣ್ಣ ಕ್ಯಾಮರಾದಲ್ಲಿ ಹಿಡಿದಿದ್ದೆ.

ಮರುದಿನ ಅಂಗಡಿಯಲ್ಲಿ ಮಂತ್ರಿಯ ಆ ಮೂರು ನಿಮಿಷವನ್ನಷ್ಟೇ ಕತ್ತರಿಸಿದೆ. ಉತ್ತರ ಉದ್ದವಾಗಿತ್ತು, ಬಿಟ್ಟೆ. ತುಂಡಿಗೆ ‘ಮೀನಿನ ವಾಸನೆ’ ಎಂದು ಹೆಸರೂ ಇಟ್ಟೆ. ತಿಳಿಯದೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಇದು ಓಡುತ್ತದೆ ಎಂದು ನನಗೆ ಗೊತ್ತಿತ್ತು, ಯಾಕೆ ಓಡುತ್ತದೆ ಎಂಬುದೂ ಗೊತ್ತಿತ್ತು.

ನಾಲ್ಕಾರು ಕಾರ್ಡಿಗೆ ಹಾಕಿದ್ದು ವಾರದೊಳಗೆ ಮೊಬೈಲಿನಿಂದ ಮೊಬೈಲಿಗೆ ದಾಟಿ ನಾವುಂದದ ಕಡಲ ಬದಿ ಮುಟ್ಟಿತು. ಕಿರೀಟವಿದ್ದಿದ್ದರೆ ಮಂತ್ರಿ ಎಂದಾದರೂ ತಿಳಿಯುತ್ತಿತ್ತು. ನೋಡಿದವರಿಗೆ ಕಂಡದ್ದು, ತಮ್ಮ ರವಿಕೆ ಹೊಲಿಯುವ ಟೈಲರ್ ತಮ್ಮನ್ನು ಹೀಗಳೆಯುವುದು.

ಅವನು ಪೇಟೆಯಿಂದ ತರಹೇಳಿದ್ದ ನೂಲು ಕೊಡುವ ನೆಪದಲ್ಲಿ ನಾನು ಅವನ ಅಂಗಡಿಗೆ ಹೋದ ಬೆಳಿಗ್ಗೆ, ಮೀನಿನ ಬುಟ್ಟಿಯನ್ನು ಜಗಲಿಯಲ್ಲಿಟ್ಟು ಒಬ್ಬ ಹೆಂಗಸು ಒಳಗೆ ಬಂದಳು. ದನಿ ಏರಿಸಲಿಲ್ಲ.

“ಅಣ್ಣಾ, ನಮ್ ಬಟ್ಟೆ ಕೊಡಿ. ಮೀನ್ ವಾಸ್ನಿ ಬಟ್ಟೆ ಮುಟ್ಟಿ ನಿಮ್ಮ್ ಕೈ ಹಾಳಾಪ್ದ್ ಬ್ಯಾಡ.”

ಅದು ಪಾತ್ರದ ಮಾತು, ಅದಕ್ಕೆ ಉತ್ತರವೂ ಇತ್ತು ಎಂದು ಅವನು ವಿವರಿಸಹೊರಟ. ಅವಳು ಕತ್ತರಿಸಿಟ್ಟಿದ್ದ ಬಟ್ಟೆಯ ತುಂಡುಗಳನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನಾನು ನೂಲಿನ ಉಂಡೆಗಳನ್ನು ಎಣಿಸುತ್ತಾ ನಿಂತಿದ್ದೆ.

ಎರಡು ದಿನ ಬಿಟ್ಟು ಅವನು ಕುಂದಾಪುರಕ್ಕೆ ಬಂದ. ಯಾರು ಹೀಗೆ ಮಾಡಿದರೋ ಎಂದ. ಯಾರೋ ಮೊಬೈಲಿನಲ್ಲಿ ಹಿಡಿದಿರಬೇಕು ಎಂದೆ. ಅವನು ನಂಬಿದ.

“ಪೂರ್ತಿ ರೆಕಾರ್ಡ್ ನಿನ್ನ್ ಹತ್ರ ಇತ್ತಲೆ ಮಾರಾಯ? ಆ ಹೆಂಗ್ಸ್ರಿಗ್ ಒಂದ್ಸಲ ಕೇಂಬುಕ್ ಕೊಟ್ರೆ ಸಾಕ್. ನಾ ಎಂತದೂ ಹೇಳೂದ್ ಬ್ಯಾಡ.”

ರೆಕಾರ್ಡು ಅವನ ಮೊಣಕೈ ಪಕ್ಕದ ಕಂಪ್ಯೂಟರಿನಲ್ಲೇ ಇತ್ತು. ಆದರೆ ಹಾಕಿ ನೋಡಿದರೆ ಅದೇ ಜಾಗ, ಅದೇ ಕೋನ, ತುಂಡು ಎಲ್ಲಿಂದ ಬಂತೆಂದು ಮಕ್ಕಳಿಗೂ ತಿಳಿಯುತ್ತಿತ್ತು. ಜಾಗ ಸಾಲದೆ ಅಳಿಸಿಬಿಟ್ಟೆ ಎಂದೆ. ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಅವನು ರಸ್ತೆ ದಾಟುವುದನ್ನು ನೋಡಿ, ಆಡಿದ ಸುಳ್ಳು ನಿಜವಾಗಲಿ ಎಂದು ನಾನು ಅದನ್ನು ಅಳಿಸಿದೆ. ಎರಡು ಸಲ ಒತ್ತಿದರೆ ಮುಗಿಯಿತು.

ಕಡಲ ಬದಿಯ ಬಟ್ಟೆ ಮತ್ತೆ ಅವನಲ್ಲಿಗೆ ಬರಲಿಲ್ಲ. ಶಾಲೆಯ ಸಮವಸ್ತ್ರ ಹೊಲಿದು ದಿನ ತೆಗೆದ. ಅರ್ಥ ಹೇಳಲು ಕರೆದವರಿದ್ದರು, ಅವನೇ ಹೋಗಲಿಲ್ಲ. ಸಾಸ್ತಾನದ ಹಿರಿಯರು ತೀರಿಕೊಂಡರು. ಎಲ್ಲರಿಗೂ ಎಲ್ಲವೂ ಅವರವರ ಮೊಬೈಲಿಗೇ ಬರತೊಡಗಿದ ಮೇಲೆ ನನ್ನ ಅಂಗಡಿಯೂ ಮುಚ್ಚಿತು. ಕೆಲಸವಿಲ್ಲದೆ ಕುಳಿತಾಗ ಇದೊಂದೇ ತಲೆಯಲ್ಲಿ ಸುತ್ತತೊಡಗಿ, ಒಂದು ದಿನ ಹೋಗಿ ಅವನೆದುರು ಎಲ್ಲವನ್ನೂ ಹೇಳಿದೆ. ಅಳಿಸಿದ್ದನ್ನೂ ಹೇಳಿದೆ.

ಅವನು ಮಿಶನ್ ತುಳಿಯುವುದನ್ನು ನಿಲ್ಲಿಸಿದ.

“ನಂಗ್ ಹೇಳಿ ಎಂತ ಆಯ್ಕ್? ಅವ್ರಿಗ್ ಹೇಳ್.”

ಹೋದೆ. ಬಟ್ಟೆ ಕಟ್ಟಿಕೊಂಡು ಹೋಗಿದ್ದ ಆ ಹೆಂಗಸು ಈಗ ಮುದುಕಿ, ರಸ್ತೆ ಬದಿಯಲ್ಲಿ ಕುಳಿತು ಬಂಗುಡೆ ಮಾರುತ್ತಿದ್ದಳು. ನಿಂತೇ ಹೇಳಿ ಮುಗಿಸಿದೆ. ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು, ಹಾಗಾದರೆ ಆಚೆಯವರು ನಮ್ಮ ಪರವಾಗಿ ಏನು ಹೇಳಿದ್ದರು ಎಂದು. ಆ ಅರ್ಧ ಗಂಟೆಯನ್ನು ನಾನು ಎರಡು ಸಲ ಕೇಳಿದ್ದವನು. ಕತ್ತರಿಸುವ ಜಾಗ ಹುಡುಕುತ್ತಾ ಕೇಳಿದ್ದೆ. ಒಂದು ಮಾತೂ ನೆನಪಿಗೆ ಬರಲಿಲ್ಲ. ಟೈಲರಿಗೆ ನೆನಪಿದ್ದೀತು, ಕರೆದು ತರುತ್ತೇನೆ ಎಂದೆ.

ಅವನು ಬರಲಿಲ್ಲ. ಆ ಅರ್ಥ ತನ್ನದಲ್ಲ, ಸತ್ತವರ ಮಾತನ್ನು ತನ್ನ ಬಾಯಲ್ಲಿ ಆಡಿದರೆ ಮತ್ತೆ ಯಾರು ನಂಬುತ್ತಾರೆ ಎಂದ. ಅವನಿಗೆ ಅದು ನೆನಪಿದೆಯೋ ಇಲ್ಲವೋ ಎಂಬುದನ್ನೂ ಹೇಳಲಿಲ್ಲ.

ಮರಳಿ ಹೋಗಿ ಅವಳಿಗೆ ತಿಳಿಸಿದೆ. ಅವಳು ನೊಣ ಓಡಿಸುತ್ತಾ ಕೇಳಿಸಿಕೊಂಡಳು.

“ಹಾಂಗಾರೆ ಬೈದದ್ದ್ ಒಂದೇ ಉಳೀತ್ ಅನ್ನಿ,” ಎಂದಳು.